ನಾಲ್ಕನೆಯ ಡಾಕ್ಟರು

ನಮ್ಮ ಗೊಜೊ ದ್ವೀಪದಲ್ಲಿ ವಕೀಲರನ್ನೂ ಡಾಕ್ಟರೇ ಎನ್ನುತ್ತೇವೆ.
ಹಾಗಾಗಿ ಅಕ್ಕನಿಗೆ ಸುಳ್ಳು ಹೇಳಬೇಕಾಗಲಿಲ್ಲ:
ಡಾಕ್ಟರ ಹತ್ತಿರ ಹೋಗಿಬರುತ್ತೇನೆ ಎಂದೆ.
ಮಂಡಿನೋವೇ ಎಂದಳು.
ಸ್ವಲ್ಪ ಮೇಲೆ, ಎಂದೆ.

ಅರವತ್ತೊಂಬತ್ತು. ಊರು ಹೋಗು, ಕಾಡು ಬಾ ಎನ್ನುವ ವಯಸ್ಸು;
ನಮ್ಮಲ್ಲಿ ಕಾಡಿಲ್ಲ, ಸುತ್ತ ಸಮುದ್ರ, ಅದೇ ಕರೆಯಬೇಕು.
ವಿಚ್ಛೇದನದ ಕಾನೂನು ಬರಲೋ ಬೇಡವೋ ಎಂದು
ದೇಶವೆಲ್ಲ ಮತ ಹಾಕಿದ ವರ್ಷ
ನಾನು ಬೇಡ ಎಂದೇ ಗೀಟೆಳೆದಿದ್ದೆ, ಪೆನ್ಸಿಲ್ಲು ಮುರಿಯುವಷ್ಟು ಒತ್ತಿ.
ಆ ಚೀಟಿಯನ್ನು ಈಗ ಯಾವ ಪೆಟ್ಟಿಗೆಯಿಂದ ಹಿಂದಕ್ಕೆ ತೆಗೆಯಲಿ.

ಮೊದಲನೆಯವನು ಬಜಾದಾ, ಚೌಕದ ಮೂಲೆಯವನು.
ಅವನಪ್ಪ ನಮ್ಮ ಮದುವೆಗೆ ಸಾಕ್ಷಿ ಹಾಕಿದವನು.
ಗೊತ್ತಿದ್ದೂ ನನ್ನ ಹೆಸರು ಕೇಳಿದ, ಗಂಡನ ಹೆಸರು ಕೇಳಿದ.
ಸಾಲ್ವು, ಎಂದೆ.
ಪೆನ್ನಿನ ಮುಚ್ಚಳ ಹಾಕಿಬಿಟ್ಟ.
ಕ್ಷಮಿಸಿ ಜುಸ್ಟಿನಾ, ಈ ಕೇಸು ನಾನು ಹಿಡಿಯಲಾರೆ.
ಅಪ್ಪನ ಸಹಿಗೆ ಅಂಜಿದ ಎಂದುಕೊಂಡೆ.

ಎರಡನೆಯವಳು ರಾಪಾ. ಅವಳ ಮೊದಲ ಕರಿಕೋಟಿನ ಗುಂಡಿ
ನನ್ನ ಗುಂಡಿ-ನೂಲಿನ ಅಂಗಡಿಯದು.
ಕಾಫಿ ತರಿಸಿದಳು, ಬಿಸ್ಕತ್ತು ಮುಂದೂಡಿದಳು,
ಸಾಲ್ವು ಎಂದದ್ದೇ ಕಿಟಕಿಯಾಚೆ ನೋಡಿದಳು.
ಆಗುವುದಿಲ್ಲ ಅಮ್ಮ. ಯಾಕೆಂದು ಹೇಳುವಂತೆಯೂ ಇಲ್ಲ.

ಮೂರನೆಯವನು ಮುದುಕ, ಕಿವಿ ಮಂದ.
ಹೆಸರನ್ನು ಎರಡು ಸಲ ಕೂಗಬೇಕಾಯಿತು.
ಸಾಲ್ವುವೇ? ಮೀನುಬಲೆ ಸಾಲ್ವುವೇ? ಅವನು ಆಗಲೇ ಬಂದು...
ಎಂದವನು ಬಾಯಿಗೆ ಕೈ ಅಡ್ಡ ಹಿಡಿದ,
ಮಕ್ಕಳು ಗಾಜು ಒಡೆದಾಗ ಹಿಡಿಯುತ್ತಾರಲ್ಲ, ಹಾಗೆ.

ಓಹೋ.
ಓಹೋ ಎನ್ನುತ್ತಲೇ ಮೆಟ್ಟಿಲಿಳಿದೆ.

ನಲವತ್ತಮೂರು ವರ್ಷ ಒಂದೇ ಹಾಸಿಗೆಯ ಎರಡು ಅಂಚು.
ಟೊಮೆಟೊಗೆ ಉಪ್ಪು ಎಷ್ಟೆಂಬುದರಲ್ಲೂ ಒಂದಾಗದವರು
ಇದೊಂದರಲ್ಲಿ ಒಂದಾಗಿದ್ದೆವು,
ಅವನು ನನಗಿಂತ ಸ್ವಲ್ಪ ಮುಂದೆ.
ಬೀದಿಯಲ್ಲೂ ಯಾವತ್ತೂ ಹಾಗೆಯೇ ನಡೆದವನು, ತಿರುಗಿ ನೋಡದೆ.
ಮೂವರ ಬಳಿಗೂ ಹೋಗಿದ್ದಾನೆ;
ನನಗೆ ಯಾರನ್ನೂ ಉಳಿಸಬಾರದೆಂದೋ,
ಪ್ರತಿ ಬಾಗಿಲಲ್ಲೂ ಧೈರ್ಯ ಸಾಲದೆಯೋ.
ಮೋಸವೆನ್ನಲು ನಾಲಿಗೆ ಏಳಲಿಲ್ಲ: ನಾನೂ ಬೆಳಗ್ಗೆ ಅವನಿಗೆ
ಮಂಡಿನೋವೆಂದೇ ಹೇಳಿ ಹೊರಟಿದ್ದೆ.
ಸಿಟ್ಟು ಬರಬೇಕಿತ್ತು. ಬಂದದ್ದು ನಗು,
ಅದರ ಬಾಲ ಹಿಡಿದುಕೊಂಡು ಇನ್ನೇನೋ.

ಮರುದಿನ ಹಡಗು ಹತ್ತಿದೆ.
ನಮ್ಮ ದ್ವೀಪಕ್ಕೆ ಬರುವವರನ್ನು ಯಾರೂ ಟಿಕೆಟ್ಟು ಕೇಳುವುದಿಲ್ಲ,
ಬಿಟ್ಟು ಹೋಗುವಾಗ ಕೇಳುತ್ತಾರೆ.
ಅರವತ್ತು ದಾಟಿದವರಿಗೆ ಅದೂ ಮಾಫಿ. ಕಾರ್ಡು ತೋರಿಸಿದೆ.
ಹುಡುಗ ತಲೆಯೆತ್ತದೆ, ಹೋಗಿ ಎಂದ.

ವಲೆಟ್ಟಾದ ಓಣಿ, ನಾಲ್ಕನೆಯ ಮಹಡಿ, ಲಿಫ್ಟಿಲ್ಲ.
ಮಂಡಿ ಈಗ ನಿಜಕ್ಕೂ ನೊಂದಿತು.
ಶಿಕ್ಲೂನಾ ಎಂಬ ಚಿಕ್ಕ ಪ್ರಾಯದವಳು.
ನನ್ನನ್ನು ಅರಿಯಳು, ಸಾಲ್ವುವನ್ನೂ ಅರಿಯಳು.
ನನಗೆ ಉಸಿರು ಸಿಗುವವರೆಗೆ ಸುಮ್ಮನೆ ಕಾದಳು.
ಮೊದಲು ಫೀಸು ಹೇಳಿದಳು, ಗಂಟೆಗೆ ಇಷ್ಟೆಂದು, ಕಣ್ಣು ತಪ್ಪಿಸದೆ.
ಆಮೇಲೆ: ನಿಮಗೆ ಏನು ಬೇಕು?

ಮನೆ, ಅಂಗಡಿ, ಬ್ಯಾಂಕಿನ ಪುಸ್ತಕ, ಪಟ್ಟಿ ಬರೆದು ತಂದಿದ್ದೆ.
ಕೈಚೀಲದಲ್ಲಿ ಅದನ್ನು ಹುಡುಕುತ್ತ ಹುಡುಕುತ್ತ
ನನ್ನ ದನಿ ನನಗೇ ಕೇಳಿಸಿತು:
ಬೆಳಗ್ಗೆದ್ದು ಕಿಟಕಿ ತೆರೆಯಬೇಕು.
ಅವನಿಗೆ ಗಾಳಿಯಾಗದು. ಇಷ್ಟು ವರ್ಷ ಮುಚ್ಚಿಯೇ ಇತ್ತು.

ಬರೆದುಕೊಂಡಳು. ನಿಜವಾಗಿಯೂ ಬರೆದುಕೊಂಡಳು,
ಹಾಳೆಯ ಮೊದಲ ಸಾಲಿನಲ್ಲಿ: ಕಿಟಕಿ.
ಇವಳೇ ಸಾಕು.

ರಾತ್ರಿ ಊಟಕ್ಕೆ ಕೂತಾಗ ಸಾಲ್ವು ಕೇಳಿದ,
ಮಂಡಿಗೆ ಡಾಕ್ಟರು ಏನಂದರು?
ಬಟಾಣಿ ಸಾರಿನ ಪಾತ್ರೆ ಅವನ ಕಡೆ ಸರಿಸುತ್ತ
ನಿನ್ನ ಡಾಕ್ಟರು ಏನಂದರು, ಎಂದೆ.

ಚಮಚ ಗಾಳಿಯಲ್ಲೇ ನಿಂತಿತು.
ಎಷ್ಟೋ ಹೊತ್ತಿನ ಮೇಲೆ,
ಉಪ್ಪು ಕಡಿಮೆ, ಎಂದ.
ಬಾಯಿಗಿಟ್ಟು ನೋಡಿದೆ.
ಹೌದು. ಕಡಿಮೆಯೇ.